ಅಧ್ಯಕ್ಷರ ಪೆನ್ನು, ನಿಮ್ಮ ಮತ: ಅಮೆರಿಕದ ಕನ್ನಡಿಗ ಮತದಾರರಿಗೆ ಒಂದು ಬಹಿರಂಗ ಪತ್ರ

ಅಮೆರಿಕದ ಪೌರತ್ವ ಪಡೆದು ಅಲ್ಲಿ ಮತ ಹಾಕುವ ಕನ್ನಡದ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ,

ನಮಸ್ಕಾರ. ನಾನು ಇಲ್ಲೇ, ಕರ್ನಾಟಕದಲ್ಲೇ ಇರುವವನು. ನಿಮ್ಮ ದೇಶದಲ್ಲಿ ನನಗೆ ಮತವಿಲ್ಲ. ಆದರೂ ಅಲ್ಲಿನ ಅಧ್ಯಕ್ಷರು ಹಾಕುವ ಒಂದೊಂದು ಸಹಿಯ ಬಿಸಿ ನಮಗೂ ತಟ್ಟುತ್ತದೆ. ನಮ್ಮ ಮನೆ ಮಕ್ಕಳು ಅಲ್ಲಿದ್ದಾರೆ, ನಮ್ಮ ಊರಿನ ಕೆಲಸಗಳು ಅಲ್ಲಿನ ಆರ್ಡರ್ ನಂಬಿಕೊಂಡಿವೆ, ಅವರು ಶುರು ಮಾಡುವ ಯುದ್ಧಕ್ಕೆ ನಮ್ಮ ಪೆಟ್ರೋಲ್ ಬೆಲೆ ಏರುತ್ತದೆ. ಆ ಸಹಿಯನ್ನು ತಡೆಯುವ ಶಕ್ತಿ ಸ್ವಲ್ಪವಾದರೂ ಇರುವುದು ನಿಮ್ಮ ಕೈಯಲ್ಲಿ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಅಧ್ಯಕ್ಷರ ಚುನಾವಣೆ ಬಂದಾಗ ನಿಮ್ಮ ಮನೆಗಳಲ್ಲಿ, ಕನ್ನಡ ಕೂಟದ ಊಟದ ಸಾಲಿನಲ್ಲಿ ಅದೇ ಮಾತು. ಅದು ಮುಗಿದು ಎರಡು ವರ್ಷಕ್ಕೆ ಬರುವ ಮಧ್ಯಾವಧಿ ಚುನಾವಣೆ ಅಂದರೆ ಮಾತ್ರ ಅಷ್ಟು ಬಿಸಿ ಇರುವುದಿಲ್ಲ. ನಿಮ್ಮೊಬ್ಬರ ಕಥೆಯಲ್ಲ, ಇಡೀ ದೇಶವೇ ಹಾಗೆ. 2020ರಲ್ಲಿ ಅಧ್ಯಕ್ಷರನ್ನು ಆರಿಸಲು ಅರ್ಹ ಮತದಾರರಲ್ಲಿ ನೂರಕ್ಕೆ ಸುಮಾರು 66 ಜನ ಮತ ಹಾಕಿದರು. 2022ರಲ್ಲಿ ಬರೀ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು ಆರಿಸುವ ಸರದಿ ಬಂದಾಗ ಅದು ಸುಮಾರು 46ಕ್ಕೆ ಇಳಿಯಿತು. ಇತಿಹಾಸದಲ್ಲಿ ಅಧ್ಯಕ್ಷರು ಮಾಡಿದ ಒಳ್ಳೆಯದನ್ನೂ ಕೆಟ್ಟದ್ದನ್ನೂ ನೋಡಿದರೆ, ಈ ಉದಾಸೀನಕ್ಕೆ ತುಂಬಾ ಜನ ಬೆಲೆ ತೆತ್ತಿದ್ದಾರೆ ಅನ್ನುವುದು ಗೊತ್ತಾಗುತ್ತದೆ.

ಇದಕ್ಕೆ ಉದಾಹರಣೆಯಾಗಿ ನಾನು ಆರಿಸಿಕೊಂಡಿರುವುದು ಅಧ್ಯಕ್ಷರಾಗಿದ್ದ ಲಿಂಡನ್ ಜಾನ್ಸನ್ ಅವರನ್ನು. ವಾಷಿಂಗ್ಟನ್, ಲಿಂಕನ್ ಹೆಸರು ಇಲ್ಲಿನ ಮಕ್ಕಳಿಗೂ ಗೊತ್ತು. ಜಾನ್ಸನ್ ಮಾತ್ರ ಕೆನಡಿಗೂ ನಿಕ್ಸನ್‌ಗೂ ನಡುವೆ ಸಿಕ್ಕಿ ಮರೆತೇಹೋಗಿದ್ದಾರೆ. ಆದರೆ ನಿಮ್ಮ ಕುಟುಂಬ ಇವತ್ತು ನ್ಯೂಜೆರ್ಸಿಯಲ್ಲೋ ಟೆಕ್ಸಾಸ್‌ನಲ್ಲೋ ನೆಲೆಸಿದ್ದರೆ ಅದರ ಹಿಂದೆ ಅವರ ಒಂದು ಸಹಿ ಇದೆ. ವಿಯೆಟ್ನಾಂನಲ್ಲಿ ಲಕ್ಷಾಂತರ ಕುಟುಂಬಗಳು ಮಣ್ಣುಪಾಲಾಗಿದ್ದರೆ ಅದರ ಹಿಂದೆಯೂ ಅವರದೇ ಸಹಿ ಇದೆ.

ಟೆಕ್ಸಾಸ್‌ನ ಹಳ್ಳಿಗಾಡಿನಲ್ಲಿ ಹುಟ್ಟಿದವರು ಜಾನ್ಸನ್. ಓದಿನ ನಡುವೆ ದುಡ್ಡಿಗಾಗಿ 1928ರಲ್ಲಿ ಕೊಟುಲಾ ಎಂಬ ಊರಿನ ಶಾಲೆಯಲ್ಲಿ ಮೇಷ್ಟ್ರಾದರು. ಅಲ್ಲಿದ್ದ ಮಕ್ಕಳೆಲ್ಲ ಮೆಕ್ಸಿಕನ್ ಮೂಲದ ಬಡ ಕೂಲಿಗಳ ಮಕ್ಕಳು. ಎಷ್ಟೋ ಮಕ್ಕಳು ಬೆಳಗ್ಗೆ ತಿಂಡಿ ಇಲ್ಲದೆ ಹಸಿದುಕೊಂಡೇ ಬರುತ್ತಿದ್ದರು. ತಮ್ಮನ್ನು ಜನ ಯಾಕೆ ದ್ವೇಷಿಸುತ್ತಾರೆ ಎಂದು ಆ ವಯಸ್ಸಿಗೇ ಅವರ ಕಣ್ಣಲ್ಲಿ ಪ್ರಶ್ನೆ ಇತ್ತು ಎಂದು ಜಾನ್ಸನ್ 1965ರಲ್ಲಿ ಸಂಸತ್ತಿನ ಎರಡೂ ಸದನಗಳ ಮುಂದೆ ನೆನೆದರು. ಆ ಮಕ್ಕಳಿಗೆ ಸಹಾಯ ಮಾಡುವ ಅಧಿಕಾರ ಈಗ ಸಿಕ್ಕಿದೆ, ಅದನ್ನು ಬಳಸಿಯೇ ತೀರುತ್ತೇನೆ ಎಂದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ ಎಂದು ನಾನು ನಂಬುತ್ತೇನೆ.

1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಕೆನಡಿ ಗುಂಡಿಗೆ ಬಲಿಯಾದಾಗ, ಉಪಾಧ್ಯಕ್ಷರಾಗಿದ್ದ ಜಾನ್ಸನ್ ವಿಮಾನದೊಳಗೇ ಪ್ರಮಾಣ ವಚನ ತಗೊಂಡು ಅಧ್ಯಕ್ಷರಾದರು. ಕರಿಯರಿಗೆ ಹೋಟೆಲ್, ಕೆಲಸ, ಶಾಲೆ ಎಲ್ಲ ಕಡೆ ಸಮಾನ ಹಕ್ಕು ಕೊಡುವ ನಾಗರಿಕ ಹಕ್ಕುಗಳ ಮಸೂದೆ ಆಗ ಸಂಸತ್ತಿನಲ್ಲಿ ಕೊಳೆಯುತ್ತಿತ್ತು. ಅದನ್ನೇ ಅವರು ಕೈಗೆತ್ತಿಕೊಂಡರು. ದಕ್ಷಿಣದ ರಾಜ್ಯಗಳ ಸೆನೆಟರ್‌ಗಳು, ಅಂದರೆ ಮೇಲ್ಮನೆಯ ಸದಸ್ಯರು, ಮಾತಾಡುತ್ತಲೇ ಇದ್ದು ಮತಕ್ಕೆ ಬಿಡದಂತೆ ಸದನವನ್ನು 60 ಕಲಾಪದ ದಿನ ಕಟ್ಟಿಹಾಕಿದರು. ಅವರ ಮುಂದಾಳು ಜಾರ್ಜಿಯಾದ ರಿಚರ್ಡ್ ರಸೆಲ್. ಜಾನ್ಸನ್ ಅವರನ್ನು ರಾಜಕೀಯದಲ್ಲಿ ಕೈಹಿಡಿದು ಬೆಳೆಸಿದವರೇ ಅವರು. ರಾಬರ್ಟ್ ಬರ್ಡ್ ಎಂಬ ಸೆನೆಟರ್ ಕೊನೆಯ ರಾತ್ರಿ 14 ಗಂಟೆಗೂ ಜಾಸ್ತಿ ಹೊತ್ತು ನಿಂತು ಮಾತಾಡಿದರು.

1964ರ ಜೂನ್ 10ರಂದು ಈ ಮಾತನ್ನು ನಿಲ್ಲಿಸಲು ಮತ ಹಾಕುವಾಗ ನಡೆದದ್ದನ್ನು ನಾನು ಎಷ್ಟು ಸಲ ಓದಿದರೂ ಕಣ್ಣು ತುಂಬುತ್ತದೆ. ಕ್ಯಾಲಿಫೋರ್ನಿಯಾದ ಸೆನೆಟರ್ ಕ್ಲೇರ್ ಎಂಗಲ್ ಅವರಿಗೆ ಮೆದುಳಿನಲ್ಲಿ ಗಡ್ಡೆ ಆಗಿತ್ತು. ಮಾತು ನಿಂತುಹೋಗಿತ್ತು. ಗಾಲಿಕುರ್ಚಿಯಲ್ಲಿ ಕೂರಿಸಿ ಸದನಕ್ಕೆ ಕರೆತಂದರು. ಅವರ ಹೆಸರು ಕೂಗಿದಾಗ ಬಾಯಿಂದ ಸದ್ದು ಹೊರಡಲಿಲ್ಲ. ಕಷ್ಟಪಟ್ಟು ಕೈ ಎತ್ತಿ ತಮ್ಮ ಕಣ್ಣನ್ನು ತೋರಿಸಿದರು. ಒಪ್ಪಿಗೆಗೆ ಅಲ್ಲಿ ಹೇಳುವ ‘ಐ’ ಕಣ್ಣಿನ ಹೆಸರಿನಂತೆಯೇ ಕೇಳುತ್ತದೆ. ಹೌದು ಎಂಬ ಮತ ದಾಖಲಾಯಿತು. 71ಕ್ಕೆ 29. ಏಳು ವಾರದಲ್ಲಿ ಎಂಗಲ್ ತೀರಿಕೊಂಡರು. ಅಷ್ಟರಲ್ಲಿ, ಜುಲೈ 2ರಂದು, ಜಾನ್ಸನ್ ಕಾಯ್ದೆಗೆ ಸಹಿ ಹಾಕಿಯಾಗಿತ್ತು.

ಈ ಕಾಯ್ದೆಗೆ ಜಾನ್ಸನ್ ಅವರ ಹೆಸರನ್ನು ಅಂಟಿಸುತ್ತೇವೆ. ಸರಿ, ಅವರಿಲ್ಲದಿದ್ದರೆ ಆಗುತ್ತಿರಲಿಲ್ಲ. ಸೆನೆಟರ್‌ಗಳಿಗೆ ಹಗಲು ರಾತ್ರಿ ಫೋನ್ ಮಾಡಿ, ಬೇಡಿ, ಬೆದರಿಸಿ ಮತ ಕೂಡಿಸಿದರು. ಆದರೆ ಎಂಗಲ್ ಇರಲಿಲ್ಲವಾ? ತನ್ನ ರಿಪಬ್ಲಿಕನ್ ಪಕ್ಷದವರನ್ನು ಒಪ್ಪಿಸಿದ ಎವರೆಟ್ ಡರ್ಕ್ಸೆನ್ ಇರಲಿಲ್ಲವಾ? ಬೀದಿಯಲ್ಲಿ ಲಾಠಿ ತಿಂದವರು ಇರಲಿಲ್ಲವಾ? 1965ರ ಮಾರ್ಚ್ 7ರ ಭಾನುವಾರ ಅಲಬಾಮಾದ ಸೆಲ್ಮಾ ಊರಿನ ಸೇತುವೆ ಮೇಲೆ, ಮತದ ಹಕ್ಕು ಕೇಳಿ ಹೊರಟವರನ್ನು ಪೊಲೀಸರು ಹೊಡೆದು ಕೆಡವಿದರು. ಮುಂದೆ ನಿಂತು ನಡೆಸುತ್ತಿದ್ದ ಜಾನ್ ಲೂಯಿಸ್ ಅವರ ತಲೆಬುರುಡೆ ಬಿರುಕುಬಿಟ್ಟಿತು. ಟೀವಿಯಲ್ಲಿ ದೇಶವೇ ನೋಡಿತು. ಅದಾದ ಎಂಟೇ ದಿನಕ್ಕೆ ಜಾನ್ಸನ್ ಆ ಕೊಟುಲಾ ಭಾಷಣ ಮಾಡಿದ್ದು. ಆಗಸ್ಟ್ 6ಕ್ಕೆ ಮತದಾನದ ಹಕ್ಕಿನ ಕಾಯ್ದೆ ಬಂತು. ಮಿಸಿಸಿಪ್ಪಿಯಲ್ಲಿ ಅದಕ್ಕೆ ಮೊದಲು ನೂರಕ್ಕೆ 7 ಕರಿಯರ ಹೆಸರೂ ಮತಪಟ್ಟಿಯಲ್ಲಿ ಇರಲಿಲ್ಲ. ಎರಡು ವರ್ಷದಲ್ಲಿ ಅದು 60ರ ಹತ್ತಿರ ಬಂತು.

ಅದೇ ಅಲೆಯಲ್ಲಿ ನಿಮ್ಮ ಕಾಯ್ದೆಯೂ ಬಂತು. ಹೌದು, ನಿಮ್ಮದು ಅಂತಲೇ ಹೇಳುತ್ತೇನೆ. 1924ರಲ್ಲಿ ಅಧ್ಯಕ್ಷ ಕೂಲಿಜ್ ಸಹಿ ಹಾಕಿದ ವಲಸೆ ಕಾಯ್ದೆ ಏಷ್ಯಾದವರಿಗೆ ಬಾಗಿಲು ಹಾಕಿತ್ತು. 1946ರಲ್ಲಿ ಟ್ರೂಮನ್ ಕಾಲದಲ್ಲಿ ಅದನ್ನು ಒಂದಿಷ್ಟು ತೆರೆದರು. ಎಷ್ಟು ಗೊತ್ತಾ? ಇಡೀ ಭಾರತಕ್ಕೆ ವರ್ಷಕ್ಕೆ 100 ಜನ! ಆ ಸಣ್ಣ ಸಂದಿಯಿಂದಲೇ ದಲೀಪ್ ಸಿಂಗ್ ಸೌಂದ್ ಪೌರತ್ವ ಪಡೆದು, 1956ರಲ್ಲಿ ಕ್ಯಾಲಿಫೋರ್ನಿಯಾದಿಂದ ಗೆದ್ದು ಅಮೆರಿಕದ ಸಂಸತ್ತಿಗೆ ಹೋದ ಮೊದಲ ಏಷ್ಯನ್ ಆದರು.

1965ರ ಅಕ್ಟೋಬರ್ 3ರಂದು ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಕೂತು ಜಾನ್ಸನ್ ಹೊಸ ಕಾಯ್ದೆಗೆ ಸಹಿ ಹಾಕಿದರು. ಯಾವ ದೇಶದಲ್ಲಿ ಹುಟ್ಟಿದಿರಿ ಎಂದು ಅಳೆಯುವ ಹಳೆ ಪಾಲು ಹೋಯಿತು. ಪೂರ್ವ ಗೋಳಾರ್ಧದ, ಅಂದರೆ ಯೂರೋಪ್, ಏಷ್ಯಾ, ಆಫ್ರಿಕಾ ಕಡೆಯ ಪ್ರತಿ ದೇಶಕ್ಕೂ ವರ್ಷಕ್ಕೆ 20,000ದವರೆಗೆ ಅವಕಾಶ ಬಂತು. ಇದೇನೂ ಕ್ರಾಂತಿಕಾರಿ ಮಸೂದೆಯಲ್ಲ ಎಂದು ಜಾನ್ಸನ್ ಅವತ್ತೇ ಹೇಳಿದರು. ಕುಟುಂಬದವರಿಗೆ ಆದ್ಯತೆ ಕೊಟ್ಟರೆ ಯೂರೋಪಿನವರೇ ಜಾಸ್ತಿ ಬರುತ್ತಾರೆ ಎಂದು ಕೆಲವು ಸದಸ್ಯರು ಲೆಕ್ಕ ಹಾಕಿದ್ದರು. ಆದದ್ದೇ ಬೇರೆ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ ಕಡೆಯ ಡಾಕ್ಟರು, ಎಂಜಿನಿಯರುಗಳು ಹೊರಟರು. ಅವರ ಹಿಂದೆ ಅವರ ತಂಗಿ, ತಮ್ಮ, ಅಪ್ಪ, ಅಮ್ಮ.

ಆದರೆ ಈ ಕಾಯ್ದೆಯಲ್ಲಿ ನನಗೆ ಇಷ್ಟದ ಹೆಸರು ಜಾನ್ಸನ್ ಅವರದಲ್ಲ. ಇಮ್ಯಾನುಯಲ್ ಸೆಲ್ಲರ್ ಅವರದು. ಬ್ರೂಕ್ಲಿನ್‌ನಿಂದ ಗೆದ್ದ ಸದಸ್ಯರು. 1924ರ ಕಾಯ್ದೆ ಬಂದಾಗ ಅವರು ಸದನಕ್ಕೆ ಹೊಸಬರು. ಎದ್ದು ನಿಂತು ವಿರೋಧಿಸಿದರು, ಸೋತರು. 1946ರ ಆ 100 ಜನರ ಕಾಯ್ದೆಯಲ್ಲೂ ಅವರ ಹೆಸರಿದೆ. 1965ರ ಮಸೂದೆಯನ್ನು ಕೆಳಮನೆಯಲ್ಲಿ ದಡ ಮುಟ್ಟಿಸಿದವರೂ ಅವರೇ. ಆಗ ಅವರಿಗೆ 77 ವರ್ಷ. 41 ವರ್ಷ ಒಂದೇ ಹಟ! ಆ ಅಷ್ಟೂ ಕಾಲ ಎರಡು ವರ್ಷಕ್ಕೊಮ್ಮೆ ಅವರನ್ನು ಗೆಲ್ಲಿಸಿ ಕಳಿಸಿದವರು ಬ್ರೂಕ್ಲಿನ್‌ನ ಮಾಮೂಲಿ ಮತದಾರರು. ನಿಮ್ಮ ಪಾಲಿನ ಬಾಗಿಲು ತೆರೆದದ್ದರಲ್ಲಿ ಅವರಿಗೂ ಒಂದು ಪಾಲು ಸಲ್ಲಬೇಕು, ಅಲ್ವಾ?

ಈಗ ಇನ್ನೊಂದು ಸಹಿಯ ಕಡೆ ಬರುತ್ತೇನೆ. ಇದನ್ನು ಬರೆಯುವಾಗ ಸಂಕಟವಾಗುತ್ತದೆ, ಆದರೆ ಬರೆಯಲೇಬೇಕು.

ಜಾನ್ಸನ್ ತಮ್ಮ ಫೋನ್ ಮಾತುಗಳನ್ನು ಗುಟ್ಟಾಗಿ ಟೇಪ್ ಮಾಡಿಸುತ್ತಿದ್ದರು. ಆ ಟೇಪುಗಳು ಈಗ ಎಲ್ಲರಿಗೂ ಕೇಳಲು ಸಿಗುತ್ತವೆ. 1964ರ ಮೇ 27ರ ಒಂದು ಕರೆಯಲ್ಲಿ ಅವರು ಭದ್ರತಾ ಸಲಹೆಗಾರ ಮೆಕ್‌ಜಾರ್ಜ್ ಬಂಡಿ ಜೊತೆ ವಿಯೆಟ್ನಾಂ ಬಗ್ಗೆ ಮಾತಾಡುತ್ತಾರೆ. ಅದಕ್ಕಾಗಿ ಹೋರಾಡುವುದು ತಕ್ಕುದಲ್ಲ ಅನ್ನಿಸುತ್ತಿದೆ, ಆದರೆ ಅಲ್ಲಿಂದ ಹೊರಬರುವ ದಾರಿಯೂ ಕಾಣುತ್ತಿಲ್ಲ ಅನ್ನುತ್ತಾರೆ. ಬೆಳಗ್ಗೆ ತಮ್ಮ ಬಟ್ಟೆಬರೆ ತೆಗೆದಿಡುವ ಸಾರ್ಜೆಂಟ್‌ನನ್ನು ನೋಡಿದರಂತೆ. ಅವನಿಗೆ ಆರು ಚಿಕ್ಕ ಮಕ್ಕಳು. ಅಂಥವನನ್ನು ಅಲ್ಲಿಗೆ ಯಾಕಾಗಿ ಕಳಿಸಲಿ ಎಂದು ತಮ್ಮನ್ನೇ ಕೇಳಿಕೊಳ್ಳುತ್ತಾರೆ. ಎಲ್ಲ ಗೊತ್ತಿದ್ದ ಮನುಷ್ಯನ ಮಾತು ಅದು.

ಹತ್ತು ವಾರ ಕಳೆಯಿತು. ಆಗಸ್ಟ್ 2ರಂದು ವಿಯೆಟ್ನಾಂ ಕರಾವಳಿಯ ಟೊಂಕಿನ್ ಕೊಲ್ಲಿಯಲ್ಲಿ ಅಮೆರಿಕದ ಮ್ಯಾಡಕ್ಸ್ ಹಡಗಿನ ಮೇಲೆ ಉತ್ತರ ವಿಯೆಟ್ನಾಂನ ದೋಣಿಗಳು ದಾಳಿ ಮಾಡಿದವು. 4ರಂದು ಎರಡನೇ ದಾಳಿ ಆಯಿತು ಅಂದರು. ಸ್ಥಳದಲ್ಲಿದ್ದ ನೌಕಾಧಿಕಾರಿಯೇ ಅನುಮಾನ ಪಟ್ಟು ಸಂದೇಶ ಕಳಿಸಿದ್ದರು. ಹವಾಮಾನದಿಂದ ರೇಡಾರ್ ತಪ್ಪು ತೋರಿಸಿರಬಹುದು, ಮತ್ತೆ ಪರಿಶೀಲಿಸಿ ಎಂದಿದ್ದರು. ಆ ರಾತ್ರಿಯೇ ಜಾನ್ಸನ್ ಟೀವಿಗೆ ಬಂದು ಬಾಂಬ್ ದಾಳಿ ಘೋಷಿಸಿದರು. ಆ ಎರಡನೇ ದಾಳಿ ನಡೆದೇ ಇರಲಿಲ್ಲ ಎಂಬ ದಾಖಲೆಗಳನ್ನು ಅಮೆರಿಕದ ಗುಪ್ತಚರ ಸಂಸ್ಥೆಯೇ 2005ರಲ್ಲಿ ಹೊರಗೆ ಬಿಟ್ಟಿತು.

ಸಂಸತ್ತು ಏನು ಮಾಡಿತು? ಅಧ್ಯಕ್ಷರಿಗೆ ಸರಿ ಕಂಡ ಎಲ್ಲ ಕ್ರಮ ತಗೊಳ್ಳಬಹುದು ಎಂಬ ನಿರ್ಣಯವನ್ನು ಆಗಸ್ಟ್ 7ರಂದು ಒಪ್ಪಿತು. ಕೆಳಮನೆಯಲ್ಲಿ ಚರ್ಚೆ ನಡೆದದ್ದು 40 ನಿಮಿಷ. ಮತ 416ಕ್ಕೆ 0. ಸೆನೆಟ್‌ನಲ್ಲಿ 88ಕ್ಕೆ 2. ಆ ಇಬ್ಬರು ಆರೆಗಾನ್‌ನ ವೇಯ್ನ್ ಮೋರ್ಸ್ ಮತ್ತು ಅಲಾಸ್ಕಾದ ಅರ್ನೆಸ್ಟ್ ಗ್ರೂನಿಂಗ್. ಕರಿಯರಿಗೆ ಹೋಟೆಲಿನಲ್ಲಿ ಕೂತು ಊಟ ಮಾಡುವ ಹಕ್ಕು ಕೊಡಲು ತಿಂಗಳುಗಟ್ಟಲೆ ಜಗಳಾಡಿದ ಸಂಸತ್ತು, ಯುದ್ಧದ ಖಾಲಿ ಚೆಕ್ಕಿಗೆ ಮೂರು ದಿನದಲ್ಲಿ ಸಹಿ ಹಾಕಿಕೊಟ್ಟಿತು. ನಾಲ್ಕು ವರ್ಷದ ನಂತರ ಮೋರ್ಸ್ ಮತ್ತು ಗ್ರೂನಿಂಗ್ ಇಬ್ಬರೂ ಚುನಾವಣೆಯಲ್ಲಿ ಸೋತರು. ಮತದಾರರು ಅವರ ಕೈ ಬಿಟ್ಟಿದ್ದರು. ಇದು ನನಗೆ ಇನ್ನೂ ನುಂಗಲಾಗದ ವಿಷಯ.

ಮುಂದಿನ ವರ್ಷದ ತಾರೀಖುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಸೆಲ್ಮಾದಲ್ಲಿ ರಕ್ತ ಹರಿದದ್ದು ಮಾರ್ಚ್ 7. ವಿಯೆಟ್ನಾಂನ ಡನಾಂಗ್ ತೀರದಲ್ಲಿ ಅಮೆರಿಕದ ಮೊದಲ ಯುದ್ಧಪಡೆ, ಸುಮಾರು 3,500 ಮರೀನ್‌ಗಳು, ಇಳಿದದ್ದು ಮಾರ್ಚ್ 8. ಅಲ್ಲಿನ ಸೈನಿಕರ ಸಂಖ್ಯೆಯನ್ನು 75,000ದಿಂದ 1,25,000ಕ್ಕೆ ಏರಿಸುತ್ತೇನೆ ಎಂದು ಜಾನ್ಸನ್ ಹೇಳಿದ್ದು ಜುಲೈ 28. ವಯಸ್ಸಾದವರಿಗೆ ಆರೋಗ್ಯ ವಿಮೆ ಕೊಡುವ ಮೆಡಿಕೇರ್ ಕಾಯ್ದೆಗೆ ಸಹಿ ಹಾಕಿದ್ದು ಜುಲೈ 30. ನಿಮ್ಮ ಮನೆಯ ಹಿರಿಯರಲ್ಲಿ ಕೆಲವರಾದರೂ ಇವತ್ತು ಆ ಮೆಡಿಕೇರ್ ಕಾರ್ಡ್ ಇಟ್ಟುಕೊಂಡೇ ಆಸ್ಪತ್ರೆಗೆ ಹೋಗುತ್ತಾರೆ. ಎರಡೂ ಕೆಲಸ ಒಬ್ಬನೇ ಮನುಷ್ಯನದು, ಒಂದೇ ವಾರದ್ದು.

1968ರ ಹೊತ್ತಿಗೆ ಅಲ್ಲಿ 5 ಲಕ್ಷಕ್ಕೂ ಜಾಸ್ತಿ ಅಮೆರಿಕನ್ ಸೈನಿಕರಿದ್ದರು. ಯುದ್ಧ ಮುಗಿಯುವ ಹೊತ್ತಿಗೆ 58,000ಕ್ಕೂ ಜಾಸ್ತಿ ಅಮೆರಿಕನ್ನರು ಸತ್ತಿದ್ದರು. ವಿಯೆಟ್ನಾಮಿಗಳ ಸಾವು ಅದರ ಎಷ್ಟೋ ಪಟ್ಟು. ಸೆಲ್ಮಾದಲ್ಲಿ ಜಾನ್ಸನ್‌ಗೆ ಹೆಗಲು ಕೊಟ್ಟ ಮಾರ್ಟಿನ್ ಲೂಥರ್ ಕಿಂಗ್ 1967ರಲ್ಲಿ ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ಯುದ್ಧದ ವಿರುದ್ಧವೇ ಮಾತಾಡಿದರು. ಬಡವರಿಗಾಗಿ ಎತ್ತಿಟ್ಟ ದುಡ್ಡನ್ನು ಯುದ್ಧ ನುಂಗುತ್ತಿತ್ತು. 1968ರ ಮಾರ್ಚ್ 31ರಂದು ಜಾನ್ಸನ್, ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲ ಎಂದು ಸಾರಿದರು.

ನಮ್ಮ ಭಾರತಕ್ಕೂ ಆ ಪೆನ್ನಿನ ರುಚಿ ಗೊತ್ತು. 1965, 1966ರಲ್ಲಿ ಬರ ಬಿತ್ತು. ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ಶಾಸ್ತ್ರಿಯವರು ಕೇಳಿದ್ದನ್ನು ನಮ್ಮ ಹಿರಿಯರು ಮರೆತಿಲ್ಲ. ಅಮೆರಿಕ ತನ್ನ ಪಿಎಲ್ 480 ಎಂಬ ಆಹಾರ ನೆರವಿನ ಕಾಯ್ದೆಯಡಿ ಕಳಿಸಿದ ಗೋಧಿ ತಿಂದೇ ಎಷ್ಟೋ ಜನ ಬದುಕಿದರು. ಆ ಗೋಧಿ ದೊಡ್ಡ ಉಪಕಾರ, ಅದನ್ನು ಮರೆಯಬಾರದು. ಆದರೆ ವರ್ಷಗಟ್ಟಲೆಯ ಒಪ್ಪಂದ ಬಿಟ್ಟು ಜಾನ್ಸನ್ ಒಂದೆರಡು ತಿಂಗಳಿಗಾಗುವಷ್ಟನ್ನೇ ಬಿಡುಗಡೆ ಮಾಡುತ್ತಾ ಹೋದರು. ಭಾರತ ತನ್ನ ಬೇಸಾಯ ಸುಧಾರಿಸಿಕೊಳ್ಳಲಿ ಎಂಬ ಒತ್ತಾಯ ಒಂದು ಕಡೆ. ವಿಯೆಟ್ನಾಂ ಬಗ್ಗೆ ಭಾರತ ಆಡುತ್ತಿದ್ದ ಮಾತಿನ ಸಿಟ್ಟು ಇನ್ನೊಂದು ಕಡೆ. ಹಡಗು ಬಂದರೆ ಊಟ ಅನ್ನುವ ಸ್ಥಿತಿಯಲ್ಲಿ ಕೋಟ್ಯಂತರ ಜನ ಒಬ್ಬ ವ್ಯಕ್ತಿಯ ಮನಸ್ಸನ್ನು ಕಾಯಬೇಕಾಯಿತು. ಹಸಿದ ಮಕ್ಕಳನ್ನು ಕೊಟುಲಾದಲ್ಲಿ ಕಣ್ಣಾರೆ ಕಂಡವರೇ ಹೀಗೆ ಮಾಡಿದರಲ್ಲ ಅನ್ನುವ ನೋವು ನನ್ನದು. ಒಬ್ಬನೇ ಕೂತು ನಿರ್ಧರಿಸುವ ಅಧಿಕಾರ ಕೊಟ್ಟರೆ ಒಳ್ಳೆಯವನೂ ಕೆಡುತ್ತಾನೆ ಎಂದು ನನಗೆ ಅನ್ನಿಸುವುದು ಇದಕ್ಕೇ.

ಇದೆಲ್ಲ ಹಳೇ ಕಥೆ, ಬಿಡಿ ಅನ್ನಬೇಡಿ. ಖಾಲಿ ಚೆಕ್ಕುಗಳಿಗೆ ವಾಯಿದೆ ಮುಗಿಯುವುದಿಲ್ಲ. ಅವಳಿ ಗೋಪುರಗಳು ಉರುಳಿದ ಮೂರನೇ ದಿನ, 2001ರ ಸೆಪ್ಟೆಂಬರ್ 14ರಂದು, ಸಂಸತ್ತು ಅಧ್ಯಕ್ಷ ಬುಷ್ ಅವರಿಗೆ ಸೇನಾ ಬಲ ಬಳಸುವ ಅಧಿಕಾರ ಕೊಟ್ಟಿತು. ಕೆಳಮನೆಯಲ್ಲಿ 420ಕ್ಕೆ 1. ಆ ಒಬ್ಬರು ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ. ಜೀವ ಬೆದರಿಕೆ ಬಂದು ಅವರಿಗೆ ಪೊಲೀಸ್ ಕಾವಲು ಹಾಕಬೇಕಾಯಿತು. ಅದೇ ಕಾಯ್ದೆಯನ್ನು ಮುಂದೆ ಬಂದ ಅಧ್ಯಕ್ಷರೆಲ್ಲ, ಎರಡೂ ಪಕ್ಷದವರು, ಅಫ್ಘಾನಿಸ್ತಾನದಾಚೆಯ ದೇಶಗಳಿಗೂ ಎಳೆದು ಬಳಸಿದರು. ಅದು ಇನ್ನೂ ಜಾರಿಯಲ್ಲಿದೆ.

ನಿಮಗೆ ಇನ್ನೂ ಹತ್ತಿರದ್ದು ಇದೆ. 2025ರ ಸೆಪ್ಟೆಂಬರ್ 19, ಶುಕ್ರವಾರ. ಅಲ್ಲಿ ಕೆಲಸ ಮಾಡಲು ಬೇಕಾದ ಎಚ್-1ಬಿ ವೀಸಾದ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಕಟ್ಟಬೇಕು ಎಂಬ ಘೋಷಣೆಗೆ ಅಧ್ಯಕ್ಷ ಟ್ರಂಪ್ ಸಹಿ ಹಾಕಿದರು. ಭಾನುವಾರದಿಂದಲೇ ಜಾರಿ. ಇಲ್ಲಿ ಆ ಭಾನುವಾರ ಮಹಾಲಯ ಅಮಾವಾಸ್ಯೆ, ಮಾರನೇ ದಿನ ದಸರಾ ಶುರು. ಊರಿಗೆ ಬಂದವರು ವಾಪಸ್ ಹೋಗಲು ಟಿಕೆಟ್ ಹುಡುಕಿದರು. ಈಗಾಗಲೇ ವೀಸಾ ಇರುವವರಿಗೆ ಇದು ಅನ್ವಯಿಸುವುದಿಲ್ಲ ಎಂಬ ಸ್ಪಷ್ಟನೆ ಮರುದಿನ ಬಂತು. ಅಷ್ಟರಲ್ಲಿ ಎಷ್ಟು ಮನೆಗಳಲ್ಲಿ ಹಬ್ಬದ ನಗು ಹೋಗಿತ್ತು!

ಒಂದೇ ಸಹಿಯಲ್ಲಿ ಹೀಗೆ ಮಾಡುವ ಅಧಿಕಾರ ಎಲ್ಲಿಂದ ಬಂತು? 1952ರ ವಲಸೆ ಕಾಯ್ದೆಯಿಂದ. ದೇಶದ ಹಿತಕ್ಕೆ ಧಕ್ಕೆ ಅನ್ನಿಸಿದರೆ ಯಾವುದೇ ವರ್ಗದ ವಿದೇಶಿಯರ ಪ್ರವೇಶವನ್ನು ಅಧ್ಯಕ್ಷರು ತಡೆಯಬಹುದು, ಷರತ್ತು ಹಾಕಬಹುದು ಎಂದು ಅದರಲ್ಲಿ ಒಂದು ಕಲಮು ಇದೆ. ಆ ಕಾಯ್ದೆ ಬೇಡ ಎಂದು ಟ್ರೂಮನ್ ತಿರಸ್ಕರಿಸಿ ವಾಪಸ್ ಕಳಿಸಿದ್ದರು. ಸಂಸತ್ತು ಅವರ ಮಾತನ್ನು ಮೀರಿ ಪಾಸು ಮಾಡಿತು. ಅವತ್ತು ಸಂಸತ್ತು ಕೈಯಾರೆ ಕೊಟ್ಟ ಅಧಿಕಾರ 73 ವರ್ಷದ ಮೇಲೆ ನಿಮ್ಮ ತಮ್ಮನ ಮಗನ ಕೆಲಸಕ್ಕೆ ಕುತ್ತು ತಂದಿತು.

ಅಲ್ಲಿ ಕಾಯಂ ನೆಲೆಸಲು ಬೇಕಾದ ಗ್ರೀನ್ ಕಾರ್ಡ್ ಸಾಲಿನ ವಿಷಯವೂ ಅಷ್ಟೇ. ವರ್ಷದ ಪಾಲಿನಲ್ಲಿ ಯಾವುದೇ ಒಂದು ದೇಶಕ್ಕೆ ನೂರಕ್ಕೆ 7ಕ್ಕಿಂತ ಜಾಸ್ತಿ ಇಲ್ಲ ಎಂಬ ಮಿತಿ ಬಂದದ್ದು 1990ರ ಕಾಯ್ದೆಯಿಂದ. ಯಾವ ಅಧ್ಯಕ್ಷರೂ ಅದನ್ನು ಪೆನ್ನಿನಿಂದ ಅಳಿಸಲಾರರು. ಅದು ಸಂಸತ್ತಿನ ಕೆಲಸ. ಚುನಾವಣೆ ಬಂದಾಗಲೆಲ್ಲ ಅಧ್ಯಕ್ಷ ಪದವಿಗೆ ನಿಂತವರ ಬಾಯಿಂದ ಭರವಸೆ ಕೇಳಿ ಖುಷಿ ಪಡುವುದು ಸುಮ್ನೆ.

ನೀವು ಯಾವ ಪಕ್ಷಕ್ಕೆ ಮತ ಹಾಕಬೇಕು ಎಂದು ನಾನು ಹೇಳುವುದಿಲ್ಲ. ಅದು ನನ್ನ ಹಕ್ಕಲ್ಲ. 1942ರಲ್ಲಿ ಸುಮಾರು 1,20,000 ಜಪಾನಿ ಮೂಲದವರನ್ನು ಶಿಬಿರಗಳಿಗೆ ತಳ್ಳುವ ಆದೇಶಕ್ಕೆ ಸಹಿ ಹಾಕಿದವರು ಡೆಮಾಕ್ರಟಿಕ್ ಪಕ್ಷದ ರೂಸ್‌ವೆಲ್ಟ್. 1988ರಲ್ಲಿ ಸಂಸತ್ತು ಒಪ್ಪಿದ ಕ್ಷಮೆ ಮತ್ತು ಪರಿಹಾರಕ್ಕೆ ಸಹಿ ಹಾಕಿದವರು ರಿಪಬ್ಲಿಕನ್ ಪಕ್ಷದ ರೇಗನ್. ನಾನು ಕೇಳುವುದು ಬೇರೆ.

ನಿಮ್ಮ ಕ್ಷೇತ್ರದ ಸದಸ್ಯರು ಯಾರು, ನಿಮ್ಮ ಇಬ್ಬರು ಸೆನೆಟರ್‌ಗಳು ಯಾರು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ. ಮಧ್ಯಾವಧಿ ಚುನಾವಣೆಗೂ, ಅದಕ್ಕೆ ಮೊದಲು ಪಕ್ಷದೊಳಗೆ ನಡೆಯುವ ಪ್ರೈಮರಿಗೂ ತಪ್ಪದೆ ಹೋಗಿ. ಕನ್ನಡ ಕೂಟದ ಯುಗಾದಿಗೆ, ರಾಜ್ಯೋತ್ಸವಕ್ಕೆ ಅವರನ್ನು ಕರೆದು ಶಾಲು ಹೊದಿಸಿ ಫೋಟೋ ತೆಗೆಸಿಕೊಳ್ಳುತ್ತೀರಲ್ಲ, ಅವತ್ತು ಹತ್ತು ನಿಮಿಷ ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿ. 2001ರ ಯುದ್ಧದ ಅಧಿಕಾರವನ್ನು ವಾಪಸ್ ತಗೊಳ್ಳಲು ಮತ ಹಾಕುತ್ತೀರಾ? 1952ರ ಆ ಕಲಮಿಗೆ ಒಂದು ಮಿತಿ ಹಾಕುತ್ತೀರಾ? ನೂರಕ್ಕೆ 7ರ ಮಿತಿ ಬಗ್ಗೆ ನಿಮ್ಮ ನಿಲುವೇನು? ಕೊಟ್ಟ ಉತ್ತರವನ್ನು ಬರೆದಿಟ್ಟುಕೊಳ್ಳಿ, ಕೂಟದ ಪತ್ರಿಕೆಯಲ್ಲಿ ಅವರ ಹೆಸರಿನ ಜೊತೆ ಹಾಕಿ. ಮುಂದಿನ ಸಲ ಮತ ಕೇಳಲು ಬಂದಾಗ ಅದನ್ನೇ ಅವರ ಮುಂದೆ ಇಡಿ.

ಇಂತಿ ನಿಮ್ಮವನು,
ಕರ್ನಾಟಕದಿಂದ ಒಬ್ಬ ಓದುಗ